ಒಂಬತ್ತು ತಾಸಿನ ವಿಮಾನ, ಮೂವತ್ತೆರಡು ತಾಸಿನ ದಾರಿ

1995ರ ಜನವರಿಯ ಮಾತು. ಅಕ್ಕಲಕೋಟೆಯ ಮನೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ತಾಯಿಯವರು ಸ್ವರ್ಗಸ್ಥರಾದರು. ತಮ್ಮ ಲಂಡನ್ನಿನಲ್ಲಿ ನೌಕರಿಯಲ್ಲಿದ್ದ. ನೆರೆಯ ಅಂಗಡಿಯ ಫೋನಿನಿಂದ ಸುದ್ದಿ ಮುಟ್ಟಿಸಿದೆವು. ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು. “ಮುಂಜಾನೆ ಹತ್ತರ ವಿಮಾನ ಸಿಕ್ಕದ ಅಣ್ಣಾ, ಒಂಬತ್ತು ತಾಸು. ನಾ ಬರೂತನಕಾ ತಡೀರಿ” ಎಂದ.

ಶವವನ್ನು ಹೆಚ್ಚು ಹೊತ್ತು ಇಡುವ ರೂಢಿ ನಮ್ಮಲ್ಲಿಲ್ಲ. ಹಿರಿಯರು ಅಂದೇ ಸಂಸ್ಕಾರ ಮುಗಿಸಿರಿ ಎಂದರು. ನಾವು ಬೆರಳು ಮಡಚಿ ಲೆಕ್ಕ ಹಾಕಿದೆವು: ಹತ್ತಕ್ಕೆ ಒಂಬತ್ತು ಕೂಡಿಸಿದರೆ ಸಂಜೆ ಏಳು, ಅಲ್ಲಿಂದ ರಾತ್ರಿಯೆಲ್ಲ ಮೋಟಾರು, ಸೂರ್ಯೋದಯಕ್ಕೆ ತಮ್ಮ ಮನೆಯಲ್ಲಿ. ಕೈಮುಗಿದು ಕೇಳಿಕೊಂಡೆವು, ಹಿರಿಯರು ಒಪ್ಪಿದರು. ಮರುದಿನ ಎಂಟಾದರೂ ಅವನ ಸುಳಿವಿಲ್ಲ. ಇನ್ನು ತಡೆಯಲಾಗದೆ ಸಂಸ್ಕಾರ ಮಾಡಿದೆವು. ಮಧ್ಯಾಹ್ನ ಹನ್ನೆರಡಕ್ಕೆ ತಮ್ಮ ಬಾಗಿಲಲ್ಲಿ ನಿಂತಿದ್ದ.

ದೀಪಾವಳಿಯ ಲೆಕ್ಕದಲ್ಲಿ ಒಂದು ಪೈಸೆ ಬಿಡದ ನಾವು ತಪ್ಪಿದ್ದೆಲ್ಲಿ? ಟಿಕೇಟಿನ ಮೇಲೆ ಹೊರಡುವ ವೇಳೆ ಹೊರಡುವ ಊರಿನದು, ಮುಟ್ಟುವ ವೇಳೆ ಮುಟ್ಟುವ ಊರಿನದು. ಚಳಿಗಾಲದಲ್ಲಿ ನಮ್ಮ ಗಡಿಯಾರ ಲಂಡನ್ನಿಗಿಂತ ಐದೂವರೆ ತಾಸು ಮುಂದೆ. ಅಲ್ಲಿಯ ಹತ್ತು ಎಂದರೆ ನಮ್ಮ ಮಧ್ಯಾಹ್ನ ಮೂರೂವರೆ. ಒಂಬತ್ತು ತಾಸು ಕೂಡಿಸಿದರೆ ಮುಂಬಯಿ ಮುಟ್ಟುವುದು ನಡುರಾತ್ರಿ ಹನ್ನೆರಡೂವರೆಗೆ. ತಪಾಸಣೆ ಮುಗಿಸಿ ಹೊರಬೀಳಲು ಒಂದೂವರೆ ತಾಸು. ಮೇಲೆ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆ, ಅದೂ ಆಗ ಹಳೆಯ ಘಾಟಿನ ದಾರಿ.

ಆ ಮೇಲೆ ತಿಳಿದುಕೊಂಡದ್ದನ್ನು ಓದುಗ ಬಂಧುಗಳಿಗಾಗಿ ಬರೆಯುತ್ತೇವೆ. ಮುಂಬಯಿಗೂ ಲಂಡನ್ನಿಗೂ ನೇರ ಆಕಾಶಮಾರ್ಗದ ಅಂತರ ಸುಮಾರು 7,200 ಕಿ.ಮೀ. ಜೆಟ್ ವಿಮಾನದ ವೇಗ ತಾಸಿಗೆ 850ರಿಂದ 900 ಕಿ.ಮೀ. ಭಾಗಿಸಿದರೆ ಎಂಟು ತಾಸು ಬಂದೀತು. ಆದರೆ ಏರುವಾಗ, ಇಳಿಯುವಾಗ ಆ ವೇಗವಿಲ್ಲ. ಹಾದಿಯೂ ಗೆರೆ ಎಳೆದಂತೆ ನೇರವಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಹಾಗಾಗಿ ಲಂಡನ್ನಿನಿಂದ ಬರುವಾಗ ಸುಮಾರು ಒಂಬತ್ತು ತಾಸಾದರೆ, ಹೋಗುವಾಗ ಹತ್ತರ ಆಸುಪಾಸು. ಮಾರ್ಚ್ ಕೊನೆಯ ರವಿವಾರದಿಂದ ಅಕ್ಟೋಬರ್ ಕೊನೆಯ ರವಿವಾರದವರೆಗೆ ಇಂಗ್ಲೆಂಡಿನವರು ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ. ಆಗ ಅಂತರ ನಾಲ್ಕೂವರೆ ತಾಸು. ವಾಯುಮಾರ್ಗವೂ ಒಮ್ಮೊಮ್ಮೆ ಮುಚ್ಚುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ಪಶ್ಚಿಮದ ಹಲವು ವಿಮಾನಗಳು ಸುತ್ತುಹಾಕಬೇಕಾಯಿತು.

ಇಂದು ನಮ್ಮ ಮನೆಮನೆಯ ಮಕ್ಕಳು ಪರದೇಶದಲ್ಲಿದ್ದಾರೆ. ವಿಮಾನ ಎಲ್ಲಿದೆಯೆಂದು ಮೊಬೈಲ್ ತೋರಿಸುತ್ತದೆ, ನಿಜ. ಆದರೆ ಗಾಬರಿಯ ಹೊತ್ತಿನಲ್ಲಿ ಮನೆಯವರು ಇಂದಿಗೂ ಕೇಳುವುದು “ವಿಮಾನ ಎಷ್ಟು ತಾಸು?” ಎಂದೇ. ಕೇಳಬೇಕಾದದ್ದು ಬೇರೆ: ನಮ್ಮ ಗಡಿಯಾರದಲ್ಲಿ ಎಷ್ಟಕ್ಕೆ ಇಳಿಯುತ್ತೀ? ಮನೆಯ ಹೊಸ್ತಿಲು ಎಷ್ಟಕ್ಕೆ ತುಳಿಯುತ್ತೀ?

ಅಂದು ಇದನ್ನು ಕೇಳಿದ್ದರೆ ಮೊದಲ ದಿನವೇ ಸಂಸ್ಕಾರ ಮುಗಿಸುತ್ತಿದ್ದೆವು, ಇಲ್ಲವೆ ಇನ್ನು ನಾಲ್ಕು ತಾಸು ತಡೆಯುತ್ತಿದ್ದೆವು. ಎರಡೂ ಆಗಲಿಲ್ಲ. ಹಿರಿಯರ ಮಾತೂ ಉಳಿಯಲಿಲ್ಲ, ತಮ್ಮನಿಗೆ ತಾಯಿಯ ಮುಖವೂ ಸಿಗಲಿಲ್ಲ. ಅವನು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅಂಗಡಿಯ ಗಾದಿಯ ಹಿಂದೆ ಅಂದಿನಿಂದ ಎರಡು ಗಡಿಯಾರಗಳಿವೆ. ಒಂದು ನಮ್ಮೂರಿನದು, ಇನ್ನೊಂದು ಅವನ ಊರಿನದು.