ವನ್ಯಜೀವಿ ಛಾಯಾಚಿತ್ರದ ವಿಮರ್ಶೆ

ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ಕವಿಗೆ ಇರಬೇಕಾದುದು ಕಾರಯಿತ್ರೀ ಪ್ರತಿಭೆ. ಓದುವವನಿಗೆ ಇರಬೇಕಾದುದು ಭಾವಯಿತ್ರೀ ಪ್ರತಿಭೆ. ಈ ಎರಡನೆಯದು ದೊರೆಯದಿದ್ದರೆ ಕವಿಯ ಶ್ರಮವೆಲ್ಲ ಗೊಡ್ಡು ಮರವೇ ಸರಿ ಎಂಬುದು ಅವನ ಅಭಿಪ್ರಾಯ. ಸಾವಿರ ವರ್ಷಗಳಿಗೂ ಹಿಂದೆ ಕಾವ್ಯವನ್ನು ಕುರಿತು ಹೇಳಿದ ಈ ಮಾತು ಛಾಯಾಚಿತ್ರಕ್ಕೂ, ಅದರಲ್ಲಿಯೂ ಕಾಡಿನ ಪ್ರಾಣಿಪಕ್ಷಿಗಳ ಛಾಯಾಚಿತ್ರಕ್ಕೂ ಸಲ್ಲುತ್ತದೆ. ಒಂದು ವ್ಯತ್ಯಾಸ ಮಾತ್ರ ಉಂಟು. ಕಾವ್ಯದ ಪ್ರಸಂಗದಲ್ಲಿ ಇರುವವರು ಕವಿ, ಸಹೃದಯ ಇಬ್ಬರೇ. ಇಲ್ಲಿ ಮೂರನೆಯದೊಂದು ಜೀವವಿದೆ. ಅದಕ್ಕೆ ಮಾತಿಲ್ಲ. ಚಿತ್ರವನ್ನು ಕುರಿತು ನಾವು ಆಡುವ ಹೊಗಳಿಕೆ ತೆಗಳಿಕೆಗಳ ಫಲವನ್ನು ಉಣ್ಣುವುದು ಬಹುಮಟ್ಟಿಗೆ ಅದೇ.

ವಿಮರ್ಶಕರಲ್ಲಿ ನಾಲ್ಕು ವರ್ಗಗಳನ್ನೂ ರಾಜಶೇಖರನು ಹೇಳುತ್ತಾನೆ. ಅವುಗಳಲ್ಲಿ ಎರಡು ನಮ್ಮ ಛಾಯಾಗ್ರಾಹಕರ ಸಂಘಗಳಲ್ಲಿ ಹೇರಳವಾಗಿ ಕಾಣಸಿಗುತ್ತವೆ. ಒಬ್ಬನು ಅರೋಚಕಿ, ಅವನಿಗೆ ಯಾವುದೂ ರುಚಿಸದು. ಚಿತ್ರ ತೋರಿಸುವುದೇ ತಡ, ಬಾಲದ ತುದಿ ತುಂಡಾಗಿದೆ, ಹಿನ್ನೆಲೆ ಗಿಜಿಗಿಜಿಯಾಗಿದೆ, ಕೊಂಬೆ ಅಡ್ಡ ಬಂದಿದೆ ಎಂದು ಪಟ್ಟಿ ಒಪ್ಪಿಸುತ್ತಾನೆ. ಇನ್ನೊಬ್ಬನು ಸತೃಣಾಭ್ಯವಹಾರಿ, ಎಂದರೆ ಅನ್ನದೊಡನೆ ಹುಲ್ಲನ್ನೂ ಬಿಡದೆ ಉಣ್ಣುವವನು. ಹುಲಿಯ ಚಿತ್ರವೆಂದರೆ ಸಾಕು, ಅದು ಮಸುಕಾಗಿದ್ದರೂ ‘ಭೇಷ್’ ಎನ್ನುತ್ತಾನೆ. ಮೊದಲನೆಯವನಿಂದ ಹೊಸಬನು ಕುಗ್ಗುತ್ತಾನೆ, ಎರಡನೆಯವನಿಂದ ಕೆಡುತ್ತಾನೆ. ಮತ್ಸರಿಯ ಮಾತು ಇಲ್ಲಿ ಬೇಡ; ಅವನು ಎಲ್ಲ ಕಲೆಗಳಿಗೂ ಸಮಾನನು. ನಾಲ್ಕನೆಯವನು ತತ್ತ್ವಾಭಿನಿವೇಶಿ, ವಸ್ತುವಿನ ಒಳಹೊಕ್ಕು ನೋಡುವವನು. ವನ್ಯಜೀವಿಯ ಚಿತ್ರದ ಮುಂದೆ ಅಂಥವನು ಏನನ್ನು ನೋಡಬೇಕು?

ಛಾಯಾಗ್ರಾಹಕನ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಚಿತ್ರಕಾರನು ಕೊಂಬೆಯನ್ನು ಬೇಕಾದೆಡೆ ಬರೆಯಬಲ್ಲ. ಸ್ಟುಡಿಯೋದವನು ‘ಗಲ್ಲ ಸ್ವಲ್ಪ ಮೇಲೆತ್ತಿ’ ಎನ್ನಬಲ್ಲ. ಕೆರೆಯಂಚಿನ ಮಿಂಚುಳ್ಳಿಗೆ ಹಾಗೆ ಹೇಳುವವರು ಯಾರು? ಆದ್ದರಿಂದ ‘ಹಕ್ಕಿ ಇತ್ತ ತಿರುಗಿದ್ದರೆ ಚೆನ್ನಾಗಿತ್ತು’ ಎಂಬುದು ವಿಮರ್ಶೆಯಲ್ಲ, ಬರಿಯ ಹಾರೈಕೆ. ಅದೇ ಮಿಂಚುಳ್ಳಿಯ ಚಿತ್ರವನ್ನು ಬಲ್ಲವನು ಹೀಗೆ ನೋಡುತ್ತಾನೆ: ಛಾಯಾಗ್ರಾಹಕನು ಕೆರೆಯ ಏರಿಯ ಮೇಲೆ ನಿಂತು ಕೆಳಮುಖವಾಗಿ ತೆಗೆದಿದ್ದಾನೆ, ಹೊಳೆಯುವ ನೀರೇ ಹಿನ್ನೆಲೆಯಾಗಿ ಹಕ್ಕಿ ಅದರಲ್ಲಿ ಅಂಟಿಕೊಂಡಂತೆ ಕಾಣುತ್ತಿದೆ. ಅವನು ಏರಿಯಿಂದ ಇಳಿದು, ನೆಲದಲ್ಲಿ ಕುಳಿತು, ಲೆನ್ಸನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ತಂದಿದ್ದರೆ ದೂರದ ಆಚೆ ದಡ ಹಿನ್ನೆಲೆಯಾಗುತ್ತಿತ್ತು. ದೂರದ್ದಾದ ಕಾರಣ ಅದು ಮಬ್ಬಾಗಿ, ಹಕ್ಕಿ ತಾನಾಗಿ ಮುಂದೆ ಬಂದು ನಿಲ್ಲುತ್ತಿತ್ತು. ಬೆಳಗಿನ ಇಳಿಬಿಸಿಲು ಬೆನ್ನಿಗಿದ್ದರೆ ಕಣ್ಣಿನಲ್ಲಿ ಒಂದು ಬೆಳಕಿನ ಚುಕ್ಕೆ ಮೂಡುತ್ತಿತ್ತು. ಆ ಚುಕ್ಕೆಯಿಲ್ಲದ ಕಣ್ಣು ಜೀವವಿಲ್ಲದ ಗುಂಡಿಯಂತೆ ತೋರುತ್ತದೆ. ನೀರಿಗೆರಗುವ ಕ್ಷಣವನ್ನು ಹಿಡಿಯಹೊರಟು ರೆಕ್ಕೆ ಕಲಸಿಹೋಗಿದ್ದರೆ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅವಧಿ ಬೇಕಾಗಿತ್ತೆಂದು ಹೇಳಬಹುದು. ಇವೆಲ್ಲವೂ ಮಾಡಬಹುದಾಗಿದ್ದ, ನಾಳೆ ಮತ್ತೆ ಹೋಗಿ ಮಾಡಬಹುದಾದ ಸಂಗತಿಗಳು. ಕೇಳಿದವನು ಬೆಳಗಾಗುವುದನ್ನೇ ಕಾಯುತ್ತಾನೆ. ಅಡ್ಡ ಬಂದ ಕೊಂಬೆಯ ವಿಷಯದಲ್ಲಿಯೂ ಎರಡು ಹೆಜ್ಜೆ ಎಡಕ್ಕೆ ಸರಿಯಲು ಸ್ಥಳವಿತ್ತೇ ಎಂದು ಕೇಳುವುದು ಒಳ್ಳೆಯದು. ಕೊಂಬೆಯನ್ನು ಕತ್ತರಿಸಬಹುದಿತ್ತು ಎಂಬ ಸೂಚನೆ ಮಾತ್ರ ಬಾಯಿಂದ ಬೀಳಬಾರದು.

ಏಕೆಂದರೆ ಕೊಂಬೆ ಅಲ್ಲಿರುವುದು ಹಕ್ಕಿಯ ಪ್ರಯೋಜನಕ್ಕೆ. ಪಿಕಳಾರವು ಎದೆಮಟ್ಟದ ಪೊದೆಯಲ್ಲಿ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಗೂಡು ಸ್ಪಷ್ಟವಾಗಿ ಕಾಣಲೆಂದು ನಾಲ್ಕು ಎಲೆ ಕಿತ್ತರೆ ಪುಕ್ಕ ಮೂಡದ ಮರಿಗಳ ಮೇಲೆ ನಡುಹಗಲ ಬಿಸಿಲು ನೇರವಾಗಿ ಬೀಳುತ್ತದೆ. ಅತ್ತ ಕಾಗೆಗೂ ಕೆಂಬೂತಕ್ಕೂ ದಾರಿ ತೋರಿಸಿದಂತಾಗುತ್ತದೆ. ಚಿತ್ರ ಮಾತ್ರ ಮನೋಹರವಾಗಿರುತ್ತದೆ: ತೆರೆದ ಮೂರು ಕೆಂಪು ಬಾಯಿಗಳು, ತುತ್ತು ತಂದ ತಾಯಿ. ನೋಡಿದವರು ವಾತ್ಸಲ್ಯವೆನ್ನುತ್ತಾರೆ. ಆ ಮೆಚ್ಚುಗೆಯನ್ನು ಕೇಳಿದ ಹತ್ತು ಮಂದಿ ಮುಂದಿನ ಭಾನುವಾರ ಗೂಡು ಹುಡುಕಿಕೊಂಡು ಹೊರಡುತ್ತಾರೆ. ಮಂಗಟ್ಟೆ ಹಕ್ಕಿಯ ವಿಷಯದಲ್ಲಿ ಇದು ಇನ್ನೂ ಕ್ರೂರವಾಗಬಲ್ಲದು. ಅದರ ಹೆಣ್ಣು ಮರದ ಪೊಟರೆಯನ್ನು ಹೊಕ್ಕು ಬಾಯನ್ನು ಮೆತ್ತಿ ಮುಚ್ಚಿಕೊಂಡು, ಒಂದು ಸೀಳನ್ನಷ್ಟೇ ಉಳಿಸಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ತಂದುಕೊಡುವ ಹಣ್ಣೇ ಅದಕ್ಕೆ ಆಧಾರ. ಮರದ ಬುಡದಲ್ಲಿ ಜನ ಕ್ಯಾಮೆರಾ ಹೂಡಿ ಕುಳಿತರೆ ಅಂಜಿದ ಗಂಡು ಬಳಿಗೆ ಬಾರದು. ಒಳಗಿರುವ ಹೆಣ್ಣು ತಾನಾಗಿ ಹೋಗಿ ಆಹಾರ ಅರಸುವ ಸ್ಥಿತಿಯಲ್ಲಿರುವುದಿಲ್ಲ. 2011ರಲ್ಲಿ ದಾಂಡೇಲಿಯ ಕಾಡಿನಲ್ಲಿ ಈ ಹಕ್ಕಿಗಳಿಗೆಂದೇ ಸಂರಕ್ಷಣಾ ಮೀಸಲನ್ನು ಘೋಷಿಸಲಾಯಿತು. ಮೀಸಲಿನ ಗಡಿ ಪೊಟರೆಯ ಮುಂದಿನ ಗುಂಪನ್ನು ತಾನಾಗಿ ತಡೆಯುವುದಿಲ್ಲ. ಅದನ್ನು ತಡೆಯಬಲ್ಲವರು ಆ ಚಿತ್ರಕ್ಕೆ ಮನ್ನಣೆ ಕೊಡುವವರು ಮತ್ತು ಕೊಡದವರು.

ಆದುದರಿಂದ ಈ ಕ್ಷೇತ್ರದ ವಿಮರ್ಶಕನಿಗೆ ಛಾಯಾಗ್ರಹಣದ ಜ್ಞಾನದೊಂದಿಗೆ ಜೀವಿಗಳ ನಡವಳಿಕೆಯ ಪರಿಚಯವೂ ಅವಶ್ಯ. ಕಿವಿಗಳನ್ನು ಅಗಲಿಸಿ, ಧೂಳೆಬ್ಬಿಸುತ್ತ ಎದುರಿಗೆ ನುಗ್ಗುವ ಆನೆಯ ಚಿತ್ರವನ್ನು ನೋಡಿ ಸಭೆ ‘ಎಂಥ ಗಾಂಭೀರ್ಯ’ ಎನ್ನುತ್ತದೆ. ಆನೆಯನ್ನು ಬಲ್ಲವನಿಗೆ ಅಲ್ಲಿ ಕಾಣುವುದು ಛಾಯಾಗ್ರಾಹಕನ ಅತಿಕ್ರಮ: ಅವನು ಇರಬೇಕಾದುದಕ್ಕಿಂತ ಹತ್ತಿರವಿದ್ದಾನೆ. ಬಾಲವನ್ನು ನಿಮಿರಿಸಿ ಮುಂಗಾಲನ್ನು ನೆಲಕ್ಕೆ ಬಡಿಯುವ ಚುಕ್ಕೆಜಿಂಕೆ ನರ್ತಿಸುತ್ತಿಲ್ಲ, ಅಪಾಯವನ್ನು ಸಾರುತ್ತಿದೆ. ತಲೆಯ ಮೇಲೆ ಕೂಗುತ್ತ ಸುತ್ತುವ ಟಿಟ್ಟಿಭವು ನೆಲದ ಮೇಲಿರುವ ತನ್ನ ಮೊಟ್ಟೆಗಳ ಹತ್ತಿರ ನಾವು ಬಂದೆವೆಂದು ಗಾಬರಿಗೊಂಡಿದೆ. ಭಾವವನ್ನು ತಪ್ಪಾಗಿ ಓದಿದ ರಸಾಸ್ವಾದ ಕಾವ್ಯದಲ್ಲಿ ಕ್ಷಮ್ಯವಾದೀತು. ಇಲ್ಲಿ ಅದು ಇನ್ನೊಬ್ಬನಿಗೆ ಪಾಠವಾಗಿಬಿಡುತ್ತದೆ.

ಜಗತ್ತಿನ ಪ್ರಮುಖ ಛಾಯಾಗ್ರಾಹಕ ಸಂಸ್ಥೆಗಳಾದ ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮತ್ತು ಎಫ್.ಐ.ಎ.ಪಿ. ಎಂಬ ಅಂತರರಾಷ್ಟ್ರೀಯ ಒಕ್ಕೂಟ ಇವು ಮೂರೂ ಕೂಡಿ ನಿಸರ್ಗ ಛಾಯಾಚಿತ್ರಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿ 2015ರಿಂದ ಜಾರಿಗೆ ತಂದವು. ಚಿತ್ರದ ಚೆಲುವಿಗಿಂತ ಅದು ಹೇಳುವ ನಿಸರ್ಗದ ಕಥೆಗೆ ಹೆಚ್ಚು ಬೆಲೆ ಕೊಡಬೇಕೆಂಬುದು ಅದರ ತಿರುಳು. ಚೌಕಟ್ಟನ್ನು ಕಿರಿದುಗೊಳಿಸಬಹುದು, ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ. ವನ್ಯಜೀವಿ ಎಂಬ ವಿಭಾಗಕ್ಕೆ ಬರಬೇಕಾದರೆ ಪ್ರಾಣಿ ಸ್ವತಂತ್ರವಾಗಿ ತನ್ನ ನೆಲೆಯಲ್ಲಿರಬೇಕು. ನಿಯಮ ಕಟ್ಟುನಿಟ್ಟೆಂದು ಗೊಣಗುವವರಿದ್ದಾರೆ. ನನಗೆ ಅದು ಸರಿಯೆಂದೇ ತೋರುತ್ತದೆ.

ಲಂಡನ್ನಿನ ನಿಸರ್ಗ ಇತಿಹಾಸ ಸಂಗ್ರಹಾಲಯವು ನಡೆಸುವ ಹೆಸರಾಂತ ಸ್ಪರ್ಧೆಯ ಎರಡು ಪ್ರಸಂಗಗಳನ್ನು ಇಲ್ಲಿ ನೆನೆಯಬೇಕು. 2009ರಲ್ಲಿ ಸ್ಪೇನಿನ ಹೋಸೆ ಲೂಯಿಸ್ ರೊಡ್ರಿಗೆಸ್ ಅವರ ಚಿತ್ರಕ್ಕೆ ಅಗ್ರ ಬಹುಮಾನ ಬಂದಿತು: ರಾತ್ರಿಯಲ್ಲಿ ದೊಡ್ಡಿಯ ಗೇಟನ್ನು ಹಾರುತ್ತಿರುವ ತೋಳ. ಕಾಡಿನ ತೋಳ ಕಂಬಿಗಳ ನಡುವೆ ನುಸುಳದೆ ಹಾರುವುದೇಕೆ ಎಂಬ ಪ್ರಶ್ನೆ ಎದ್ದಿತು. ಅದು ಸಾಕಿ ಪಳಗಿಸಿದ ತೋಳವಾಗಿರುವ ಸಂಭವವೇ ಹೆಚ್ಚೆಂದು ತೀರ್ಪುಗಾರರು ನಿರ್ಣಯಿಸಿ 2010ರ ಜನವರಿಯಲ್ಲಿ ಬಹುಮಾನವನ್ನು ಹಿಂತೆಗೆದುಕೊಂಡರು. 2017ರಲ್ಲಿ ಒಂದು ವಿಭಾಗದಲ್ಲಿ ಗೆದ್ದ ಬ್ರೆಜಿಲಿನ ಮಾರ್ಸಿಯೊ ಕಬ್ರಾಲ್ ಅವರ ಚಿತ್ರದಲ್ಲಿ, ಮಿಣುಕುವ ಗೆದ್ದಲ ಹುತ್ತದ ಬಳಿ ಇರುವೆಬಾಕವೊಂದು ನಿಂತಿತ್ತು. ಆ ಉದ್ಯಾನದ ಸಂದರ್ಶಕ ಕೇಂದ್ರದಲ್ಲಿ ಇರಿಸಿದ್ದ, ಚರ್ಮಕ್ಕೆ ಹುಲ್ಲು ತುಂಬಿದಂಥ ಗೊಂಬೆಗೂ ಚಿತ್ರದ ಪ್ರಾಣಿಗೂ ರೋಮದ ಗುರುತುಗಳು ಒಂದೇ ಎಂದು ತಜ್ಞರು ಕಂಡುಕೊಂಡರು. 2018ರ ಏಪ್ರಿಲಿನಲ್ಲಿ ಆ ಬಹುಮಾನವೂ ರದ್ದಾಯಿತು. ಇಬ್ಬರು ಛಾಯಾಗ್ರಾಹಕರೂ ಆರೋಪವನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಬೆಳಕು, ವಿನ್ಯಾಸ, ಕ್ಷಣ ಇವನ್ನೆಲ್ಲ ಅಳೆದು ಮೆಚ್ಚಿದ ಮೇಲೆ ‘ಇದನ್ನು ತೆಗೆದದ್ದು ಹೇಗೆ’ ಎಂಬ ಪ್ರಶ್ನೆ ಬಂದದ್ದು ತಡವಾಯಿತು. ಸಣ್ಣ ಊರಿನ ಸಂಘದಲ್ಲಿ ಕೂಡ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಸಂಶಯದ ದನಿಯಲ್ಲಿ ಕೇಳಬೇಕಾಗಿಲ್ಲ, ಕುತೂಹಲದ ದನಿ ಸಾಕು.

ಇನ್ನು ವಿಮರ್ಶೆಯನ್ನು ಸ್ವೀಕರಿಸುವವನ ಕಷ್ಟ. ಜಿಗಣೆಗಳಿಗೆ ರಕ್ತ ಕೊಟ್ಟು, ಮರೆಯಲ್ಲಿ ಆರು ದಿನ ಕಾದು ತಂದ ಚಿತ್ರವನ್ನು ಯಾರೋ ಅರೆನಿಮಿಷದಲ್ಲಿ ಪಕ್ಕಕ್ಕಿಟ್ಟರೆ ನೋವಾಗದೆ ಇರದು. ಆದರೆ ಆ ಆರು ದಿನಗಳು ಚಿತ್ರದೊಳಗೆ ಬಂದಿಲ್ಲ. ನೋಡುವವನಿಗೆ ಹಾಳೆಯ ಮೇಲಿರುವುದಷ್ಟೇ ದೊರೆಯುತ್ತದೆ. ಚಿತ್ರವನ್ನು ಮುಂದಿಟ್ಟೊಡನೆ ಕಥೆ ಹೇಳತೊಡಗುವ ಛಾಯಾಗ್ರಾಹಕನು ನೋಡುಗನ ಕಣ್ಣಿಗೆ ತನ್ನ ಕಣ್ಣನ್ನೇ ತೊಡಿಸಿಬಿಡುತ್ತಾನೆ. ಆಮೇಲೆ ಬರುವ ಮೆಚ್ಚುಗೆ ಚಿತ್ರಕ್ಕೋ ಕಥೆಗೋ ತಿಳಿಯುವಂತಿಲ್ಲ. ಮೊದಲು ಸುಮ್ಮನಿದ್ದು, ‘ನಿಮಗೆ ಏನು ಕಾಣುತ್ತದೆ’ ಎಂದು ಕೇಳಿ, ಅವರು ಮುಗಿಸಿದ ಮೇಲೆ ಸಂದರ್ಭವನ್ನು ತಿಳಿಸುವುದು ಲೇಸು. ‘ಹೇಗಿದೆ’ ಎಂಬ ಪ್ರಶ್ನೆಗೆ ‘ಚೆನ್ನಾಗಿದೆ’ ಎಂಬುದೊಂದೇ ಸಭ್ಯ ಉತ್ತರ. ‘ಹಿನ್ನೆಲೆಯ ಬಿಳಿ ಬಂಡೆ ಕಣ್ಣನ್ನು ಸೆಳೆಯುತ್ತದೆಯೇ’ ಎಂದು ಕೇಳಿದವನಿಗೆ ಉಪಯುಕ್ತ ಉತ್ತರ ಸಿಕ್ಕೀತು. ಇಬ್ಬರು ಬಲ್ಲವರು ಪರಸ್ಪರ ವಿರುದ್ಧವಾಗಿ ಹೇಳುವುದುಂಟು. ಆಗ ಯಾರನ್ನು ನಂಬುವುದೆಂದು ತಳಮಳಿಸಬೇಕಿಲ್ಲ. ಇಬ್ಬರೂ ಒಂದೇ ಜಾಗದಲ್ಲಿ ಎಡವಿದ್ದಾರೆ ಎಂಬುದೇ ಸುಳಿವು. ಮದ್ದು ಬೇರೆಯಾದರೂ ನೋವು ಅಲ್ಲಿಯೇ ಇದೆ.

ಸ್ಪರ್ಧೆಗಳ ಅಂಕಗಳು ವಿಮರ್ಶೆಯ ಸ್ಥಾನವನ್ನು ತುಂಬಲಾರವು. ಚಿತ್ರ ಕೆಲವೇ ಸೆಕೆಂಡು ಪರದೆಯ ಮೇಲೆ ಮೂಡಿ ಮರೆಯಾಗುತ್ತದೆ, ತೀರ್ಪುಗಾರರು ಅಂಕ ಒತ್ತುತ್ತಾರೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ ವನ್ಯಜೀವಿ ಛಾಯಾಗ್ರಹಣ ಬೆಳೆದದ್ದು ಬೇರೆ ದಾರಿಯಲ್ಲಿ. ಟಿ. ಎನ್. ಎ. ಪೆರುಮಾಳ್ ಅವರು ಒ. ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಜೊತೆಯಲ್ಲಿ ಕಲಿತರು. ಮುಂದೆ ತಾವೇ ಅನೇಕ ಕಿರಿಯರಿಗೆ ಗುರುಗಳಾದರು. 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳು ಕಿರಿಯರು ಹಿರಿಯರ ಎದುರಿಗೆ ಚಿತ್ರ ಹರಡಿ ಕೂರುವ ಅವಕಾಶವನ್ನು ಒದಗಿಸಿದವು. ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ಕುಳಿತುಕೊಳ್ಳುವ ಈ ಪದ್ಧತಿಯನ್ನು ಜಿಲ್ಲಾ ಕೇಂದ್ರಗಳ ಸಂಘಗಳು ಸುಲಭವಾಗಿ ಅನುಸರಿಸಬಹುದು. ಪಕ್ಷಿಗಳನ್ನು ಬಲ್ಲ ಒಬ್ಬರನ್ನು, ಅವರಿಗೆ ಕ್ಯಾಮೆರಾ ಹಿಡಿಯಲು ಬಾರದಿದ್ದರೂ, ಜೊತೆಗೆ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಚಿತ್ರದ ಹಿಂಬದಿಯಲ್ಲಿ ತಿಂಗಳು, ಹೊತ್ತು, ಸುಮಾರು ಎಷ್ಟು ದೂರದಿಂದ ತೆಗೆದದ್ದು, ಮರೆಯಿಂದಲೋ ವಾಹನದಿಂದಲೋ, ಆಹಾರವಿಟ್ಟು ಕರೆದದ್ದೋ ಎಂಬುದನ್ನು ಬರೆದಿಡುವ ರೂಢಿಯಿರಲಿ. ಗೂಡಿನ ಸ್ಥಳವೊಂದನ್ನು ಮಾತ್ರ ಬರೆಯುವುದು ಬೇಡ.