‘ಮುಂದಿನ ತಿಂಗಳು ಬಾ’ ಎಂದರೆ ಆಕೆ ಏನು ಮಾಡಬೇಕು?

ನಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಯಾದಗಿರಿ ಕಡೆಯವಳು. ವಯಸ್ಸು ಇಪ್ಪತ್ತಾರು. ಗಂಡ ಕಟ್ಟಡ ಕೆಲಸದಲ್ಲಿದ್ದಾನೆ. ಇಬ್ಬರು ಮಕ್ಕಳು, ಕಿರಿಯದಕ್ಕೆ ಹದಿನಾಲ್ಕು ತಿಂಗಳು. ಕಳೆದ ಶ್ರಾವಣದ ಒಂದು ಬೆಳಿಗ್ಗೆ ಆಕೆ ಅಡುಗೆಮನೆಯಲ್ಲಿ ನನ್ನ ಪತ್ನಿಯೊಡನೆ ತಗ್ಗಿದ ದನಿಯಲ್ಲಿ ಆಡುತ್ತಿದ್ದ ಮಾತು ಹಜಾರದಲ್ಲಿ ಪತ್ರಿಕೆ ಓದುತ್ತಿದ್ದ ನನಗೆ ಅರೆಬರೆ ಕೇಳಿಸಿತು: “ಸೂಜಿ ಔಷಧ ಬಂದಿಲ್ಲಂತ್ರೀ ಅಮ್ಮಾರ, ಮುಂದಿನ ತಿಂಗಳು ಬಾ ಅಂದ್ರು. ಇಲ್ಲಾಂದ್ರ ಆಪರೇಷನ್ ಮಾಡಿಸ್ಕೊ, ಹ್ಯಾಂಗೂ ಎರಡು ಮಕ್ಕಳಾಗ್ಯಾವ ಅಂದ್ರು.”

ಆಕೆ ಹೇಳುತ್ತಿದ್ದುದು ಮೂರು ತಿಂಗಳಿಗೊಮ್ಮೆ ಪಡೆಯುವ ಗರ್ಭನಿರೋಧಕ ಚುಚ್ಚುಮದ್ದನ್ನು ಕುರಿತು. ನಮ್ಮ ದೇಶದ ಖಾಸಗಿ ಮಾರುಕಟ್ಟೆಗೆ 1993ರಲ್ಲಿಯೇ ಅನುಮತಿ ಪಡೆದಿದ್ದ ಈ ಔಷಧವನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರ’ ಎಂಬ ಹೆಸರಿನಲ್ಲಿ ಉಚಿತವಾಗಿ ನೀಡಲಾರಂಭಿಸಿದ್ದು 2017ರಲ್ಲಿ. ಎರಡು ಬಾರಿ ಚುಚ್ಚಿಸಿಕೊಂಡಿದ್ದ ಆಕೆ ಮೂರನೆಯದಕ್ಕೆ ಅರ್ಧ ದಿನದ ಕೆಲಸ ಬಿಟ್ಟು ಹೋಗಿ, ಬರಿಗೈಯಲ್ಲಿ ಹಿಂದಿರುಗಿದ್ದಳು.

ಇಂಥ ವಿಷಯವನ್ನು ಗಂಡಸೊಬ್ಬ, ಅದೂ ನನ್ನ ವಯಸ್ಸಿನವನು, ಪತ್ರಿಕೆಯಲ್ಲಿ ಬರೆಯುವುದು ಕೆಲವರಿಗೆ ಮುಜುಗರ ತಂದೀತು. ಆದರೆ ‘ಆಪರೇಷನ್ ಮಾಡಿಸ್ಕೊ’ ಎಂಬ ಮಾತು ನನಗೆ ಬಹಳ ಪರಿಚಿತ. ನಾನು ಸೇವೆಗೆ ಸೇರಿದ ಎಂಬತ್ತರ ದಶಕದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಗುರಿ ನಿಗದಿಯಾಗಿರುತ್ತಿತ್ತು. ಮಾರ್ಚ್ ಸಮೀಪಿಸಿದಂತೆ ಪರಿಶೀಲನಾ ಸಭೆಗಳಲ್ಲಿ ಗ್ರಾಮಲೆಕ್ಕಿಗರನ್ನೂ ಶಾಲಾ ಶಿಕ್ಷಕರನ್ನೂ ನಿಲ್ಲಿಸಿ ‘ಎಷ್ಟು ಕೇಸು ತಂದಿರಿ?’ ಎಂದು ಕೇಳುತ್ತಿದ್ದವರಲ್ಲಿ ನಾನೂ ಒಬ್ಬ. ಆ ‘ಕೇಸು’ಗಳು ಹೆಂಗಸರು ಎಂಬುದು ಆಗ ಹೊಳೆದಿರಲಿಲ್ಲವೆಂದರೆ ಸುಳ್ಳಾದೀತು, ಹೊಳೆದರೂ ಅದಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲ. 1996ರ ಏಪ್ರಿಲಿನಿಂದ ದೇಶದಾದ್ಯಂತ ಗುರಿ ರದ್ದಾಯಿತು. ಅಭ್ಯಾಸ ಮಾತ್ರ ಅಷ್ಟು ಸುಲಭವಾಗಿ ರದ್ದಾಗಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಶೇ 57.4. ಇಡೀ ದೇಶದಲ್ಲಿ ಚುಚ್ಚುಮದ್ದನ್ನು ನೆಚ್ಚಿದವರು ಕೇವಲ ಶೇ 0.6. ಗಂಡಸರ ಶಸ್ತ್ರಚಿಕಿತ್ಸೆ ಅದಕ್ಕೂ ಕಡಿಮೆ, ಶೇ 0.3.

ಪತ್ನಿಯ ಒತ್ತಾಯಕ್ಕೆ, ಆರೋಗ್ಯ ಇಲಾಖೆಯಿಂದ ನಿವೃತ್ತರಾದ ಪರಿಚಿತ ವೈದ್ಯೆಯೊಬ್ಬರಿಗೆ ದೂರವಾಣಿ ಮಾಡಿದೆ. ಎಲ್ಲಾದರೂ ಒಂದು ಡೋಸ್ ಕೊಡಿಸಿ ಎಂದು ಕೇಳುವುದು ನನ್ನ ಉದ್ದೇಶವಾಗಿತ್ತು. ಅಧಿಕಾರಿಯಾಗಿದ್ದವನಿಗೆ ಬರುವ ಮೊದಲ ಯೋಚನೆ ಅದೇ. ಅವರು ನನ್ನ ಮಾತನ್ನು ಬದಿಗಿಟ್ಟು, ಕಳೆದ ಸೂಜಿ ಯಾವಾಗ ಆಯಿತು ಎಂದು ಕೇಳಿದರು. ಗಡುವು ಮುಗಿದು ಮೂರು ದಿನವಾಗಿತ್ತು. “ಹಾಗಾದರೆ ಗಾಬರಿ ಬೇಡ. ಗಡುವು ದಾಟಿ ನಾಲ್ಕು ವಾರದವರೆಗೂ ಮುಂದಿನ ಸೂಜಿ ಕೊಡಬಹುದು. ಆಕೆಯನ್ನು ವಾಪಸು ಕಳಿಸಿದವರು ಅದನ್ನು ಹೇಳಿದರೇ?” ಹೇಳಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿರುವ ಈ ನಾಲ್ಕು ವಾರವೇ ಇಂಥ ಸಂದರ್ಭದಲ್ಲಿ ಹೆಂಗಸಿನ ಕೈಯಲ್ಲಿರುವ ಬಂಡವಾಳ. ‘ಮುಂದಿನ ತಿಂಗಳು ಬಾ’ ಎನ್ನುವವರು ಆ ಬಂಡವಾಳವನ್ನು ಆಕೆಗೆ ತಿಳಿಸದೆಯೇ ಖರ್ಚು ಮಾಡಿಬಿಡುತ್ತಾರೆ. ಅದೂ ದಾಟಿದರೆ ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು ಹೊಸದಾಗಿಯೇ ಆರಂಭಿಸಬೇಕು; ಮೊದಲ ಏಳು ದಿನ ನಿರೋಧ್ ಬಳಸಬೇಕು.

ರಕ್ತದೊತ್ತಡ ಎಷ್ಟು, ಅರೆತಲೆನೋವು ಉಂಟೇ, ಮಗುವಿಗೆ ಹಾಲೂಡುತ್ತಿದ್ದಾಳೆಯೇ ಎಂದೆಲ್ಲ ವಿಚಾರಿಸಿದ ಮೇಲೆ ವೈದ್ಯೆ ಕೇಳಿದ ಕಡೆಯ ಪ್ರಶ್ನೆ ನನ್ನನ್ನು ಯೋಚನೆಗೆ ಹಚ್ಚಿತು. ಆಕೆ ಸೂಜಿಯನ್ನೇ ಯಾಕೆ ಆರಿಸಿಕೊಂಡಿದ್ದಳು?

ಉತ್ತರವನ್ನು ನನ್ನ ಪತ್ನಿ ಕೇಳಿ ತಂದಳು. ಒಂದೇ ಕೋಣೆಯ ಮನೆ, ಜೊತೆಯಲ್ಲಿ ಅತ್ತೆ. ಮೂರನೆಯದು ಗಂಡಾಗಲಿ ಎಂಬುದು ಅತ್ತೆಯ ಹಂಬಲ. ಗುಳಿಗೆಯ ಪಟ್ಟಿಯನ್ನು ಬಚ್ಚಿಡಲು ಆ ಮನೆಯಲ್ಲಿ ಜಾಗವಿಲ್ಲ. ಮೊದಲ ಹೆರಿಗೆಯ ನಂತರ ವಂಕಿ ಹಾಕಿಸಿಕೊಂಡಾಗ ಮುಟ್ಟಿನ ರಕ್ತಸ್ರಾವ ಹೆಚ್ಚಾಗಿ ರಕ್ತಹೀನತೆಯಿಂದ ಬಳಲಿದ್ದಳು. ಸೂಜಿ ಯಾರ ಕಣ್ಣಿಗೂ ಬೀಳುವುದಿಲ್ಲ, ಸ್ರಾವವೂ ಕಡಿಮೆ. ಆಪರೇಷನ್ ಸದ್ಯಕ್ಕೆ ಬೇಡ, ಏಕೆಂದರೆ ಮುಂದೆ ಏನಾಗುವುದೋ ಯಾರಿಗೆ ಗೊತ್ತು ಎಂಬುದು ಆಕೆಯ ಮಾತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ‘ಬದಲಿ ಸರಕು’ ಎಂಬ ಪರಿಕಲ್ಪನೆಯನ್ನು ಕಾಫಿ–ಚಹಾದ ಉದಾಹರಣೆಯಿಂದ ಕಲಿತವನು. ಇಲ್ಲಿ ಯಾವುದಕ್ಕೆ ಯಾವುದು ಬದಲಿ ಎಂಬುದು ಆಕೆಯ ಕಾರಣವನ್ನು ಅರಿಯದೆ ನಿರ್ಧಾರವಾಗುವಂಥದ್ದಲ್ಲ.

ದಿನದಿನವೂ ನೆನಪಿಡಬೇಕಿಲ್ಲದ ಉಪಾಯಗಳು ಹಲವಿವೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಿಂದ ಹೊರಬಂದ ಗುಳಿಗೆ ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಆಗಿ ದೊರೆಯುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಇದು ಸ್ಟೀರಾಯ್ಡ್ ಹಾರ್ಮೋನು ಅಲ್ಲ, ದೇಹದಲ್ಲಿ ಈಸ್ಟ್ರೋಜೆನ್ ವರ್ತಿಸುವ ರೀತಿಯನ್ನು ಬದಲಿಸುವ ಔಷಧ. ಮುಟ್ಟಿನ ಮೊದಲ ದಿನ ಆರಂಭಿಸುವುದು ರೂಢಿ. ಸೂಜಿಯಿಂದ ಮುಟ್ಟೇ ನಿಂತವಳಿಗೆ ಯಾವ ದಿನ ಆರಂಭ ಎಂಬುದನ್ನು ವೈದ್ಯರೇ ಹೇಳಬೇಕು. ಮತ್ತೆ, ಬಚ್ಚಿಡಬೇಕಾದ ಪಟ್ಟಿ ಇಲ್ಲಿಯೂ ಇದೆ.

ಹಾರ್ಮೋನು ಸೂಸುವ ವಂಕಿ ತಾಮ್ರದ ವಂಕಿಯಂತಲ್ಲ. ಅದು ರಕ್ತಸ್ರಾವವನ್ನು ತಗ್ಗಿಸುತ್ತದೆ, ವರ್ಷಗಟ್ಟಲೆ ಇರುತ್ತದೆ. ರಕ್ತಹೀನತೆಯ ಹೆಣ್ಣಿಗೆ ಇದೇ ಹೆಚ್ಚು ಹೊಂದುವಂಥದ್ದು ಎಂದು ವೈದ್ಯೆಯ ಅಭಿಪ್ರಾಯ. ಆದರೆ ಖಾಸಗಿಯಲ್ಲಿ ಹಲವು ಸಾವಿರ ರೂಪಾಯಿ ಬೇಕು. ಮೂರು ವಾರ ಒಳಗಿರಿಸಿ ಒಂದು ವಾರ ತೆಗೆದಿಡುವ ಉಂಗುರ ಪ್ರತಿ ತಿಂಗಳ ಖರ್ಚು. ಅದರಲ್ಲಿ ಈಸ್ಟ್ರೋಜೆನ್ ಇರುವುದರಿಂದ ರಕ್ತದೊತ್ತಡದವರಿಗೆ, ಎಳೆಗೂಸಿಗೆ ಹಾಲೂಡುವವರಿಗೆ, ಮೂವತ್ತೈದು ದಾಟಿದ ಧೂಮಪಾನಿಗಳಿಗೆ, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಅರೆತಲೆನೋವಿನವರಿಗೆ ಹೇಳಿದ್ದಲ್ಲ.

ಉಳಿದದ್ದು ತೋಳಿನ ಚರ್ಮದಡಿ ಇರಿಸುವ, ನಾಲ್ಕು ಸೆಂಟಿಮೀಟರ್ ಉದ್ದದ ಕಡ್ಡಿ. ಮೂರು ವರ್ಷ ಕೆಲಸ ಮಾಡುತ್ತದೆ, ತೆಗೆಸಿದರೆ ಬೇಗನೆ ಗರ್ಭ ನಿಲ್ಲುವ ಸಾಧ್ಯತೆ ಮರಳುತ್ತದೆ. ಸೂಜಿಯಲ್ಲಿ ಹಾಗಲ್ಲ, ನಿಲ್ಲಿಸಿದ ಮೇಲೆ ಹಲವು ತಿಂಗಳು ಕಾಯಬೇಕಾಗಬಹುದು. 2023ರಿಂದ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಿಗೆ ಇದು ಪ್ರವೇಶಿಸಿದೆ. ಹೊತ್ತಲ್ಲದ ಹೊತ್ತಿನಲ್ಲಿ ಸ್ರಾವ ಕಾಣಿಸುವುದು ಇದರ ದೊಡ್ಡ ತೊಂದರೆ. ಹಾಕಲು ತರಬೇತಿ ಬೇಕಾದಂತೆ ತೆಗೆಯಲೂ ಬೇಕು. ತೆಗೆಯಬಲ್ಲವರು ಎಲ್ಲಿದ್ದಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕೆಂದು ವೈದ್ಯೆ ಒತ್ತಿ ಹೇಳಿದರು.

ಸೂಜಿಯೂ ನಿರ್ದೋಷಿಯಲ್ಲ. ಎಂಬತ್ತರ ದಶಕದಲ್ಲಿ ಮಹಿಳಾ ಸಂಘಟನೆಗಳು ಇಂಥದೇ ಇನ್ನೊಂದು ಚುಚ್ಚುಮದ್ದಿನ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದವು. ದೀರ್ಘಕಾಲ ಬಳಸಿದರೆ ಎಲುಬಿನ ಸಾಂದ್ರತೆ ಕುಗ್ಗುತ್ತದೆ, ಬಿಟ್ಟ ಮೇಲೆ ಬಹುಮಟ್ಟಿಗೆ ಚೇತರಿಸುತ್ತದೆ. ವರ್ಷಕ್ಕೂ ಹೆಚ್ಚು ಕಾಲ ಪಡೆದವರಲ್ಲಿ ಮೆದುಳಿನ ಪೊರೆಯ ಒಂದು ಬಗೆಯ ಗಡ್ಡೆಯ ಸಂಭವ ಹೆಚ್ಚೆಂದು ಫ್ರಾನ್ಸಿನ ಅಧ್ಯಯನವೊಂದು 2024ರಲ್ಲಿ ತಿಳಿಸಿತು. ಆ ಗಡ್ಡೆ ಅಪರೂಪದ್ದೇ. ಆದರೂ ಆಕೆಗೆ ಇದನ್ನೂ ಹೇಳಬೇಕೆಂದು ನನ್ನ ಪತ್ನಿ ಹಟ ಹಿಡಿದಳು, ಹೇಳಿಯೂ ಆಯಿತು.

ಇನ್ನು ದಾಸ್ತಾನಿನ ಮಾತು. ಇಲ್ಲಿ ನನಗೆ ಸ್ವಲ್ಪ ಅನುಭವವಿದೆ. ಆಸ್ಪತ್ರೆಯ ಉಗ್ರಾಣದಲ್ಲಿರುವ ನೂರಾರು ವಸ್ತುಗಳಲ್ಲಿ ಮುಂದಿನ ಬೇಡಿಕೆಯನ್ನು ಇಷ್ಟು ಖಚಿತವಾಗಿ ಮುಂಗಾಣಬಹುದಾದದ್ದು ಇನ್ನೊಂದಿರಲಾರದು. ಜ್ವರ ಎಷ್ಟು ಜನಕ್ಕೆ ಬಂದೀತೆಂದು ಯಾರೂ ಹೇಳಲಾರರು. ಆದರೆ ಜನವರಿಯಲ್ಲಿ ನಲವತ್ತು ಹೆಂಗಸರು ಸೂಜಿ ಪಡೆದರೆ ಏಪ್ರಿಲಿನಲ್ಲಿ ಆ ನಲವತ್ತು ಮಂದಿ ಬರುತ್ತಾರೆ. ಬರಬೇಕಾದ ದಿನಾಂಕ ಅವರವರ ಕಾರ್ಡಿನಲ್ಲಿ ಬರೆದಿರುತ್ತದೆ. ಮೂರು ತಿಂಗಳ ಮುನ್ಸೂಚನೆ ಕೈಯಲ್ಲಿದ್ದೂ ಔಷಧ ಮುಗಿದಿದೆಯೆಂದರೆ ಯಾರೂ ಕಾರ್ಡುಗಳನ್ನು ಎಣಿಸಿಲ್ಲವೆಂದೇ ಅರ್ಥ. ಇಂಡೆಂಟುಗಳು ಸಾಮಾನ್ಯವಾಗಿ ಕಳೆದ ಅವಧಿಯ ಬಳಕೆಯನ್ನು ಆಧರಿಸಿರುತ್ತವೆ. ದಾಸ್ತಾನು ಇಲ್ಲದ ತಿಂಗಳಲ್ಲಿ ಬಳಕೆ ಸೊನ್ನೆ. ಸೊನ್ನೆಯನ್ನು ನೋಡಿದ ಗುಮಾಸ್ತ ‘ಬೇಡಿಕೆ ಕಡಿಮೆ’ ಎಂದು ಮುಂದಿನ ಇಂಡೆಂಟನ್ನು ಇನ್ನಷ್ಟು ಕುಗ್ಗಿಸುತ್ತಾನೆ. ಅಂಥ ಇಂಡೆಂಟುಗಳಿಗೆ ನಾನೂ ಕಣ್ಣುಮುಚ್ಚಿ ರುಜು ಹಾಕಿದ್ದೇನೆ. ಹಿಂದಿರುಗಿ ಹೋದವರ ಹೆಸರನ್ನು ಬರೆದಿಡುವ ಒಂದು ಪುಸ್ತಕವಿದ್ದರೆ ಸಾಕಾಗಿತ್ತು. ಅದಕ್ಕೆ ಹೊಸ ಯೋಜನೆಯೂ ಬೇಡ, ಅನುದಾನವೂ ಬೇಡ. 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿದ ಮೈಸೂರು ಸಂಸ್ಥಾನದ ವಾರಸುದಾರರು ನಾವು. ಒಂದು ನೋಟ್ ಪುಸ್ತಕ ನಮಗೆ ಭಾರವಾಗಬಾರದು.

ಅದೇ ಪುಸ್ತಕದ ಪಕ್ಕದಲ್ಲಿ, ಔಷಧವಿಲ್ಲದ ದಿನ ಏನು ಹೇಳಬೇಕೆಂಬ ಸೂಚನೆಯೂ ಇರಲಿ: ನಿಮಗೆ ಇಂಥ ದಿನದವರೆಗೆ ಸಮಯವಿದೆ, ಔಷಧ ಇಂಥ ಕೇಂದ್ರದಲ್ಲಿದೆ, ಅಷ್ಟರಲ್ಲಿ ಬೇಡವೆನಿಸಿದರೆ ಇವಿಷ್ಟು ಬದಲಿಗಳಿವೆ, ನಿರೋಧ್ ಒಯ್ಯಿರಿ. ಸಾಲಿನಲ್ಲಿ ನಿಂತ ಹೆಣ್ಣಿಗೆ ಇದನ್ನು ಹೇಳಲು ಎರಡು ನಿಮಿಷ ಸಾಕು.

ವೈದ್ಯೆ ಆಕೆಯನ್ನು ಕರೆಸಿಕೊಂಡು ಪರೀಕ್ಷಿಸಿ ಚೀಟಿ ಬರೆದುಕೊಟ್ಟರು. ಔಷಧದ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಸೂಜಿಯನ್ನು ಗಡುವು ದಾಟಿದ ಒಂಬತ್ತನೆಯ ದಿನ ಚುಚ್ಚಿಸಿಕೊಂಡಳು. ದುಡ್ಡನ್ನು ನಾವು ಕೊಡುತ್ತೇವೆಂದರೆ ಒಪ್ಪಲಿಲ್ಲ. ಸಂಬಳದಲ್ಲಿ ಹಿಡಿದುಕೊಳ್ಳಿ ಎಂದಳು. ತೋಳಿನ ಕಡ್ಡಿಯ ವಿಚಾರ ಆಕೆಯ ತಲೆಯಲ್ಲಿ ಹೊಕ್ಕಿದೆ. ಕಡ್ಡಿ ಮೇಲಿನಿಂದ ಮುಟ್ಟಿದರೆ ಅತ್ತೆಗೆ ಗೊತ್ತಾಗುತ್ತದೆಯೇ ಎಂದು ಕೇಳಿದಳಂತೆ. ಬೆರಳಿಟ್ಟು ಹುಡುಕಿದರೆ ಗೊತ್ತಾಗುತ್ತದೆ ಎಂದು ವೈದ್ಯೆ ಇದ್ದದ್ದನ್ನು ಇದ್ದಂತೆ ಹೇಳಿದ್ದಾರೆ. ಇನ್ನೂ ನಿರ್ಧರಿಸಿಲ್ಲ. ಸೂಜಿಯ ಕಾರ್ಡು ಸದ್ಯಕ್ಕೆ ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಹಿಂದೆ ಇದೆ.