ಅಂದದ ಕಾರು, ಕಾಣದ ಕಡ್ಡಿ

ಬೆಂಗಳೂರಿನ ಯಾವುದಾದರೂ ದೊಡ್ಡ ವೃತ್ತದಲ್ಲಿ ಕೆಂಪು ದೀಪಕ್ಕೆ ಕಾರು ನಿಂತೊಡನೆ, ಅಷ್ಟು ಹೊತ್ತು ಸೊಗಸಾಗಿ ಕೇಳುತ್ತಿದ್ದ ಎಫ್.ಎಂ. ಹಾಡು ಇದ್ದಕ್ಕಿದ್ದಂತೆ ಗೊರಗೊರ ಎನ್ನತೊಡಗುವುದು ಅನೇಕರ ಅನುಭವ. ಕಾರು ಅರ್ಧ ಮಾರು ಮುಂದೆ ಸರಿದರೆ ಹಾಡು ಮರಳಿ ಬರುತ್ತದೆ. ನಾವು ಬಾನುಲಿ ಕೇಂದ್ರವನ್ನು ಬಯ್ಯುತ್ತೇವೆ, ಇಲ್ಲವೇ ಸೆಟ್ಟು ಹಳೆಯದಾಯಿತೆಂದು ಹೊಸದನ್ನು ಕೊಳ್ಳುತ್ತೇವೆ. ತಪ್ಪು ಎರಡರದೂ ಅಲ್ಲ. ಕೇಂದ್ರದಿಂದ ನೇರವಾಗಿ ಬಂದ ಅಲೆಯೂ, ಎದುರಿನ ಕಟ್ಟಡಕ್ಕೆ ಬಡಿದು ತಿರುಗಿ ಬಂದ ಅಲೆಯೂ ಕಾರು ನಿಂತ ಆ ಒಂದು ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕಿರುತ್ತವೆ. ಎಫ್.ಎಂ. ಅಲೆಯ ಉದ್ದ ಸುಮಾರು 3 ಮೀಟರ್ ಮಾತ್ರ. ಆದ್ದರಿಂದ ಎರಡು ಮೂರು ಅಡಿ ಸರಿದರೂ ಲೆಕ್ಕ ಬದಲಾಗಿಬಿಡುತ್ತದೆ.

ಕಾರಿನ ರೇಡಿಯೊ ಕುರಿತ ನಮ್ಮ ದೂರುಗಳಲ್ಲಿ ಹೆಚ್ಚಿನವು ಹೀಗೆ ತಪ್ಪು ವಿಳಾಸಕ್ಕೆ ಹೋಗುತ್ತವೆ. ಸಾವಿರಾರು ರೂಪಾಯಿ ತೆತ್ತು ತಂದ ಸೆಟ್ಟಿಗಿಂತ, ಹೊರಗೆ ನಿಂತ ಒಂದು ಕಡ್ಡಿ, ಅದರ ಕೆಳಗಿನ ತಗಡು, ಎರಡನ್ನೂ ಸೆಟ್ಟಿಗೆ ಜೋಡಿಸುವ ತಂತಿ ಇವೇ ಕೇಳ್ಮೆಯ ಗುಣವನ್ನು ನಿರ್ಧರಿಸುತ್ತವೆ. ಮಾಮೂಲಿ ಉಕ್ಕಿನ ಕಾರಿನಲ್ಲಿ ಈ ಮಾತು ಅಷ್ಟಾಗಿ ಮನಸ್ಸಿಗೆ ನಾಟುವುದಿಲ್ಲ; ಅಲ್ಲಿ ತಗಡು ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಂಡಿರುತ್ತದೆ. ತಗಡೇ ಇಲ್ಲದ ಕಾರೊಂದನ್ನು ನೋಡಬೇಕು. ಅಂಥದ್ದು ಅಮೆರಿಕದ ಷೆವ್ರೊಲೆ ಕಾರ್ವೆಟ್.

1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ನಡೆದ ಪ್ರದರ್ಶನದಲ್ಲಿ ಜನರಲ್ ಮೋಟಾರ್ಸ್ ಕಂಪನಿ ಈ ಸ್ಪೋರ್ಟ್ಸ್ ಕಾರನ್ನು ಜನರ ಮುಂದಿಟ್ಟಿತು. ಆ ವರ್ಷ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ತಯಾರಾದವು ಕೇವಲ 300 ಕಾರುಗಳು. ಎಲ್ಲವೂ ಬಿಳಿ, ಒಳಗೆಲ್ಲ ಕೆಂಪು. ಚಾಸಿ ಉಕ್ಕಿನದು, ಮೈಯೆಲ್ಲ ಫೈಬರ್‌ಗ್ಲಾಸ್. ಗಾಜಿನ ನಾರಿನ ಈ ಮೈ ರೇಡಿಯೊ ಅಲೆಗಳನ್ನು ತಡೆಯುವುದಿಲ್ಲವಾದ್ದರಿಂದ ವಿನ್ಯಾಸಕಾರರಿಗೆ ಒಂದು ಚೆಲುವಾದ ಉಪಾಯ ಹೊಳೆಯಿತು. ನುಣುಪಾದ ಮೈಯಿಂದ ಕಡ್ಡಿಯೊಂದು ಎದ್ದು ನಿಲ್ಲುವುದೇಕೆ? ಡಿಕ್ಕಿಯ ಮುಚ್ಚಳದ ಫೈಬರ್‌ಗ್ಲಾಸ್ ಪದರಗಳ ನಡುವೆಯೇ ಲೋಹದ ಜಾಲರಿಯನ್ನು ಹುದುಗಿಸಿ ಅದನ್ನೇ ಆಂಟೆನಾ ಮಾಡಿದರು. ಹೊರಗಿನಿಂದ ಏನೂ ಕಾಣುವಂತಿರಲಿಲ್ಲ. 1956ರಲ್ಲಿ ಕಾರಿನ ರೂಪ ಬದಲಾದಾಗ ಆಂಟೆನಾ ಮತ್ತೆ ಹೊರಗೆ ಬಂದು ಕಡ್ಡಿಯಾಗಿ ನಿಂತಿತು.

ಫೈಬರ್‌ಗ್ಲಾಸ್ ಒಂದು ಬಾಗಿಲು ತೆರೆದು ಎರಡು ತೊಂದರೆಗಳನ್ನು ಒಳಗೆ ಬಿಟ್ಟುಕೊಂಡಿತ್ತು. ಮೊದಲನೆಯದು ಎಂಜಿನ್ನಿನದೇ ಸದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹರ್ಟ್ಸ್, ನಮ್ಮ ಜಗದೀಶಚಂದ್ರ ಬೋಸ್, ಮಾರ್ಕೋನಿ ಇವರೆಲ್ಲ ರೇಡಿಯೊ ಅಲೆಗಳನ್ನು ಹುಟ್ಟಿಸಿದ್ದು ವಿದ್ಯುತ್ ಕಿಡಿಯಿಂದ. ಕಾರಿನ ಸ್ಪಾರ್ಕ್ ಪ್ಲಗ್ಗು ಮಾಡುವುದೂ ಅದನ್ನೇ. ಎಂಟು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 200 ಕಿಡಿಗಳು ಹಾರುತ್ತವೆ. ಅಂದರೆ ಬಾನೆಟ್ಟಿನ ಕೆಳಗೆ ಎಂಟು ಪುಟ್ಟ ಪ್ರಸಾರ ಕೇಂದ್ರಗಳೇ ಇದ್ದಂತಾಯಿತು! ಉಕ್ಕಿನ ಬಾನೆಟ್ ಈ ಗದ್ದಲವನ್ನು ಬಹುಮಟ್ಟಿಗೆ ಅಲ್ಲಿಯೇ ಅದುಮಿಡುತ್ತದೆ. ಫೈಬರ್‌ಗ್ಲಾಸಿಗೆ ಆ ಶಕ್ತಿ ಇಲ್ಲ. ಹೀಗಾಗಿ ರೇಡಿಯೊ ಅಳವಡಿಸಿದ ಹಳೆಯ ಕಾರ್ವೆಟ್‌ಗಳಲ್ಲಿ ಡಿಸ್ಟ್ರಿಬ್ಯೂಟರಿಗೂ ಪ್ಲಗ್ ತಂತಿಗಳಿಗೂ ಹೊಳೆಯುವ ಲೋಹದ ಕವಚಗಳನ್ನು ತೊಡಿಸಿದರು. ರೇಡಿಯೊ ಬೇಡವೆಂದವರ ಕಾರಿಗೆ ಈ ಕವಚಗಳೂ ಇರುತ್ತಿರಲಿಲ್ಲ. ಅಂಥ ಕಾರನ್ನು ಇಂದು ಕೊಂಡು, ಅದಕ್ಕೊಂದು ಸೆಟ್ಟು ಕೂರಿಸಿ, ಗುಂಡಿ ಒತ್ತಿದವರಿಗೆ ಮೊದಲು ಕೇಳಿಸುವುದು ಎಂಜಿನ್ನಿನ ಟಕಟಕ.

ಎರಡನೆಯ ತೊಂದರೆ ಕಣ್ಣಿಗೆ ಕಾಣದು. ಕಡ್ಡಿಯ ಆಂಟೆನಾ ಎಂಬುದು ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಅದರ ಬುಡದಲ್ಲಿ ಹರಡಿಕೊಂಡಿರುವ ಕಾರಿನ ಲೋಹದ ಮೈ. ಎಫ್.ಎಂ. ಅಲೆಯ ಕಾಲುಭಾಗ ಸುಮಾರು 75 ಸೆಂಟಿಮೀಟರ್; ಹಳೆಯ ಕಾರುಗಳ ಕಡ್ಡಿ ಹೆಚ್ಚು ಕಡಿಮೆ ಅಷ್ಟೇ ಉದ್ದವಿರುವುದು ಆಕಸ್ಮಿಕವಲ್ಲ. ಆದರೆ ಗಾಜಿನ ನಾರಿನ ಮೇಲೆ ನೆಟ್ಟ ಕಡ್ಡಿಗೆ ಕಾಲೂರಲು ನೆಲವೇ ಇಲ್ಲ. ಆದ್ದರಿಂದ ಅದರ ಬುಡದಿಂದ ಉಕ್ಕಿನ ಚಾಸಿಗೆ ಒಂದು ಲೋಹದ ಪಟ್ಟಿಯನ್ನು ಎಳೆಯಬೇಕಾಗುತ್ತದೆ. ಆ ಪಟ್ಟಿಗೆ ತುಕ್ಕು ಹಿಡಿದರೆ, ಅಥವಾ ಮೈಗೆ ಹೊಸ ಬಣ್ಣ ಬಳಿಯುವಾಗ ಯಾರೋ ಅದನ್ನು ಬಿಚ್ಚಿ ಮರೆತರೆ, ಅಲ್ಲಿಂದ ಮುಂದೆ ಎಷ್ಟು ದುಬಾರಿ ಸೆಟ್ಟು ಹಾಕಿದರೂ ದೂರದ ಕೇಂದ್ರ ದೂರವೇ ಉಳಿಯುತ್ತದೆ.

ಮೀಡಿಯಂ ವೇವ್‌ನ ಕಥೆ ಇನ್ನೂ ಸೂಕ್ಷ್ಮ. ಬೆಂಗಳೂರು ಆಕಾಶವಾಣಿಯ ಹಳೆಯ ಕೇಳುಗರಿಗೆ 612 ಕಿಲೋಹರ್ಟ್ಸ್ ಎಂಬ ಸಂಖ್ಯೆ ಬಾಯಿಪಾಠ. ಆ ಅಲೆಯ ಉದ್ದ 490 ಮೀಟರ್. ಅದರ ಕಾಲುಭಾಗದಷ್ಟು ಕಡ್ಡಿ ಬೇಕೆಂದರೆ 120 ಮೀಟರ್ ಮೀರಿದ ಕಂಬವನ್ನೇ ಕಾರಿನ ಮೇಲೆ ನೆಡಬೇಕು. ಮುಕ್ಕಾಲು ಮೀಟರಿನ ಕಡ್ಡಿ ಹಿಡಿದು ತರುವ ಸಂಕೇತ ಅಷ್ಟು ಕ್ಷೀಣ. ಅದನ್ನು ಸೆಟ್ಟಿನವರೆಗೆ ಒಯ್ಯುವ ತಂತಿಯೇ ದಾರಿಯಲ್ಲಿ ಅರ್ಧ ತಿಂದುಹಾಕಬಲ್ಲದು. ಕಾರಿನ ಆಂಟೆನಾ ಕೇಬಲ್ಲಿನ ಒಳತಂತಿ ಕೂದಲಿನಷ್ಟು ತೆಳ್ಳಗಿದ್ದು ಸುತ್ತಲೂ ಗಾಳಿಗೆ ಜಾಗವಿರುವುದು ಈ ನಷ್ಟವನ್ನು ತಗ್ಗಿಸಲೆಂದೇ. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಕಡ್ಡಿ ಹಿಂಬದಿಯ ಮಡ್‌ಗಾರ್ಡಿನ ಮೇಲೆ, ಸೆಟ್ಟು ಮುಂದೆ. ಕೇಬಲ್ ಗಿಡ್ಡವಾಯಿತೆಂದು ಮನೆಯಲ್ಲಿ ಬಿದ್ದಿದ್ದ ಟಿ.ವಿ. ಕೇಬಲ್ಲನ್ನು ಸೇರಿಸಿದ ಜಾಣರು ಎಫ್.ಎಂ.ನಲ್ಲಿ ಪಾರಾಗಬಹುದು, ಮೀಡಿಯಂ ವೇವ್‌ನಲ್ಲಿ ಕೈ ಸುಟ್ಟುಕೊಳ್ಳುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ಆಶ್ಚರ್ಯವೆಂದರೆ, ಬಹುಪಾಲು ಪರೀಕ್ಷೆಗೆ ಅಗ್ಗದ ಮಲ್ಟಿಮೀಟರ್ ಒಂದಿದ್ದರೆ ಸಾಕು. ಕೇಬಲ್ಲನ್ನು ಸೆಟ್ಟಿನಿಂದ ಬಿಡಿಸಿ ನೋಡಿದಾಗ, ಅದರ ನಡುಮೊಳೆಗೂ ಕಡ್ಡಿಯ ತುದಿಗೂ ಸಂಪರ್ಕ ಇರಬೇಕು. ನಡುಮೊಳೆಗೂ ಹೊರಕವಚಕ್ಕೂ ಸಂಪರ್ಕ ಇರಲೇಬಾರದು. ಹೊರಕವಚಕ್ಕೂ ಚಾಸಿಗೂ ಗಟ್ಟಿಯಾದ ಸಂಪರ್ಕ ಇರಬೇಕು. ಕೊನೆಯದರಲ್ಲಿಯೇ ಕಾರುಗಳು ನಪಾಸಾಗುವುದು ಹೆಚ್ಚು. ಬುಡದ ನಟ್ಟು ಬಿಚ್ಚಿ ತುಕ್ಕನ್ನೂ ಬಣ್ಣವನ್ನೂ ಉಜ್ಜಿ ತೆಗೆದು ಮತ್ತೆ ಬಿಗಿಯುವುದಕ್ಕೆ ಅರ್ಧ ಗಂಟೆ ಹಿಡಿದೀತು. ಹಳೆಯ ಸೆಟ್ಟುಗಳಲ್ಲಿ ಆಂಟೆನಾ ತೂರಿಸುವ ರಂಧ್ರದ ಬಳಿ ಟ್ರಿಮ್ಮರ್ ಎಂಬ ಪುಟ್ಟ ತಿರುಪು ಇರುತ್ತದೆ. ಕಡ್ಡಿಯನ್ನು ಪೂರ್ತಿ ಮೇಲೆತ್ತಿ, 1400 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕ್ಷೀಣವಾದ ಕೇಂದ್ರವೊಂದನ್ನು ಹಿಡಿದು, ದನಿ ಅತಿ ಗಟ್ಟಿಯಾಗುವವರೆಗೆ ಅದನ್ನು ತಿರುಗಿಸಬೇಕು. ಈ ತಿರುಪೊಂದು ಇದೆ ಎಂಬುದನ್ನೇ ಅರಿಯದೆ ಒಳ್ಳೆಯ ಸೆಟ್ಟನ್ನು ಗುಜರಿಗೆ ಹಾಕಿದವರಿದ್ದಾರೆ.

ಕರಕರ ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನೂ ಕಿವಿಯಿಂದಲೇ ಪತ್ತೆ ಮಾಡಬಹುದು. ವೇಗ ಹೆಚ್ಚಿದಂತೆ ಟಕಟಕವೂ ಚುರುಕಾದರೆ ಅದು ಪ್ಲಗ್ಗಿನದು. ಕುಂಯ್ಗುಡುತ್ತ ಶ್ರುತಿ ಏರಿದರೆ ಆಲ್ಟರ್ನೇಟರಿನದು. ಆಂಟೆನಾ ಕೇಬಲ್ ಕಿತ್ತಾಗ ಸದ್ದು ನಿಂತರೆ ಅದು ಆ ದಾರಿಯಲ್ಲಿ ಬರುತ್ತಿತ್ತು. ನಿಲ್ಲದಿದ್ದರೆ ಬ್ಯಾಟರಿಯ ದಾರಿಯಲ್ಲಿ. ಸ್ಪೋರ್ಟ್ಸ್ ಕಾರಿನ ಮೋಹದವರು ರೇಸಿನ ಹುರುಪಿನಲ್ಲಿ ಅಪ್ಪಟ ತಾಮ್ರದ ಪ್ಲಗ್ ತಂತಿಗಳನ್ನು ಹಾಕಿಸುವುದುಂಟು. ಇಂಗಾಲದ ಒಳತಿರುಳಿನ ಮಾಮೂಲಿ ತಂತಿ ಕಿಡಿಯ ಗದ್ದಲವನ್ನು ತಡೆಯುತ್ತದೆ, ತಾಮ್ರ ತಡೆಯುವುದಿಲ್ಲ. ಎಂಜಿನ್ನಿಗೆ ಮಾಡಿದ ಉಪಚಾರವೇ ರೇಡಿಯೊಗೆ ಅಪಚಾರವಾಗುವುದು ಹೀಗೆ.

1953ರ ಡಿಕ್ಕಿಯ ಉಪಾಯ ಈಗ ಬೇರೆ ವೇಷದಲ್ಲಿ ಎಲ್ಲರ ಕಾರಿಗೂ ಬಂದಿದೆ. ಹಿಂಬದಿಯ ಗಾಜಿನ ಮೇಲಿನ ಗೆರೆಗಳು, ಚಾವಣಿಯ ಮೇಲಿನ ಶಾರ್ಕ್ ರೆಕ್ಕೆ ಎಲ್ಲವೂ ಕಡ್ಡಿಯನ್ನು ಮರೆಸುವ ಹಂಚಿಕೆಗಳೇ. ಗಿಡ್ಡ ಆಂಟೆನಾ ಕಳೆದುಕೊಂಡದ್ದನ್ನು ಅದರ ಬುಡದ ಪುಟ್ಟ ಆಂಪ್ಲಿಫೈಯರ್ ತುಂಬಿಕೊಡಬೇಕು. ಅದು ಸಂಕೇತದೊಂದಿಗೆ ಗದ್ದಲವನ್ನೂ ಹಿಗ್ಗಿಸುತ್ತದೆ. ಕೆಲಸ ಮಾಡಲು ಅದಕ್ಕೆ ವಿದ್ಯುತ್ತೂ ಬೇಕು; ಹಲವು ಕಾರುಗಳಲ್ಲಿ ಆ ವಿದ್ಯುತ್ ಹೋಗುವುದು ಆಂಟೆನಾ ಕೇಬಲ್ಲಿನ ಮೂಲಕವೇ. ಕಂಪನಿಯ ಸೆಟ್ಟು ತೆಗೆಸಿ ಅಂಗಡಿಯಿಂದ ಹೊಸದನ್ನು ಹಾಕಿಸಿದ ಮೇಲೆ ಎಫ್.ಎಂ. ಸತ್ತೇಹೋಯಿತೆಂದು ದೂರುವವರ ಕಾರಿನಲ್ಲಿ ಈ ಸಂಪರ್ಕ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಸಣ್ಣದೊಂದು ಅಡಾಪ್ಟರ್ ಸಾಕು. ಆದರೆ ಎಷ್ಟು ಮಂದಿ ಗಿರಾಕಿಗಳಿಗೆ ಅದನ್ನು ಹೇಳಲಾಗುತ್ತದೆ? ಕಾರಿನ ಮೈಲೇಜು, ಬಣ್ಣ, ಗಾಳಿಚೀಲಗಳ ಲೆಕ್ಕ ಕೇಳಿ ತಿಳಿದುಕೊಳ್ಳುವ ನಾವು ಆಂಟೆನಾ ಎಲ್ಲಿದೆ ಎಂದು ಕೇಳಿದ್ದುಂಟೇ?

ಕೇಳದಿದ್ದರೆ ಏನಾಗುತ್ತದೆಂಬುದು ಅಮೆರಿಕದಲ್ಲಿ ಕಂಡಿತು. ವಿದ್ಯುತ್ ಕಾರುಗಳಲ್ಲಿ ಪ್ಲಗ್ಗಿನ ಕಿಡಿ ಇಲ್ಲ. ಬದಲಿಗೆ ಮೋಟಾರನ್ನು ನಡೆಸುವ ವಿದ್ಯುನ್ಮಾನ ವ್ಯವಸ್ಥೆ ಮೀಡಿಯಂ ವೇವ್‌ನ ಮೇಲೆಯೇ ಗದ್ದಲ ಎಬ್ಬಿಸುತ್ತದೆ. ಕಾರ್ವೆಟ್‌ನವರಂತೆ ಕವಚ ತೊಡಿಸುವ ಬದಲು ಕೆಲವು ತಯಾರಕರು ಆ ಬ್ಯಾಂಡನ್ನೇ ಕಿತ್ತುಹಾಕಿದರು. ಚಂಡಮಾರುತ, ಕಾಳ್ಗಿಚ್ಚಿನ ಹೊತ್ತಿನಲ್ಲಿ ಮೊಬೈಲ್ ಗೋಪುರಗಳು ನೆಲಕಚ್ಚಿದಾಗ ದೂರದೂರಕ್ಕೆ ಎಚ್ಚರಿಕೆ ತಲಪಿಸುವುದು ಈ ಹಳೆಯ ಬ್ಯಾಂಡೇ ಎಂದು ವಿಪತ್ತು ನಿರ್ವಹಣೆಯ ಅಧಿಕಾರಿಗಳು ಆಕ್ಷೇಪಿಸಿದರು. ಪ್ರತಿ ಕಾರಿನಲ್ಲೂ ಅದು ಇರಬೇಕೆನ್ನುವ ಮಸೂದೆ 2023ರಲ್ಲಿ ಅಲ್ಲಿನ ಸಂಸತ್ತಿನ ಮುಂದೆ ಬಂತು. ಅದೇ ಮೇ ತಿಂಗಳಲ್ಲಿ ಫೋರ್ಡ್ ಕಂಪನಿ ಮನಸ್ಸು ಬದಲಾಯಿಸಿ, 2024ರ ಮಾದರಿಗಳಲ್ಲಿ ಮೀಡಿಯಂ ವೇವ್ ಉಳಿಸುವುದಾಗಿಯೂ, ಈಗಾಗಲೇ ಅದಿಲ್ಲದೆ ಮಾರಾಟವಾದ ವಿದ್ಯುತ್ ಕಾರುಗಳಿಗೆ ಸಾಫ್ಟ್‌ವೇರ್ ಮೂಲಕ ಮರಳಿ ಕೊಡುವುದಾಗಿಯೂ ಪ್ರಕಟಿಸಿತು. ಸಾಫ್ಟ್‌ವೇರಿನಿಂದ ಆಂಟೆನಾ ಹುಟ್ಟುವುದಿಲ್ಲ. ಬೇಕಾದ ಸಾಮಾನೆಲ್ಲ ಆ ಕಾರುಗಳೊಳಗೆ ಮೊದಲಿನಿಂದಲೂ ಇದ್ದೇ ಇತ್ತು.